ಸೋಮವಾರದ ಉಣ್ಣಿ

ನಮ್ಮ ಮನೆಯ ತಲಬಾಗಿಲು ದಾಟಿದರೆ ಮೊದಲು ದನಗಳು ಸಿಗುತ್ತಿದ್ದವು, ಆಮೇಲೆ ಮನುಷ್ಯರು. ಚಚಡಿಯ ಆಚೆಗಿರುವ ನಮ್ಮೂರಿನಲ್ಲಿ ಹಳೆಯ ಮನೆಗಳೆಲ್ಲ ಹಾಗೇ ಇದ್ದವು. ಮುಂದಿನ ತಗ್ಗಿನ ಅಂಕಣದಲ್ಲಿ ಎತ್ತು, ಆಕಳು, ಎಮ್ಮೆ, ಮೆಟ್ಟಿಲೇರಿದರೆ ಪಡಸಾಲೆ, ಅದರ ಹಿಂದೆ ಕತ್ತಲೆಯ ಅಡುಗೆಮನೆ, ದೇವರ ಜಗುಲಿ. ಬೀಗರು ಬಂದರೂ ಒಂದು ಬಾಲದ ಏಟು ತಿಂದೇ ಮೇಲೆ ಬರಬೇಕು. ಹಾಸಿಗೆಯಲ್ಲಿ ಮಲಗಿದರೆ ಎತ್ತು ಮೆಲುಕು ಹಾಕುವ ಸದ್ದು ಕಿವಿಯ ಪಕ್ಕದಲ್ಲೇ ಕೇಳುತ್ತಿತ್ತು. ನಾನು ಮೊದಲು ಕಲಿತ ಧ್ವನಿಯೂ ಅವುಗಳದ್ದೇ. ಅವ್ವ ಹೇಳುವ ಪ್ರಕಾರ ನಾನು ‘ಅವ್ವ’ ಅನ್ನುವ ಮೊದಲು ‘ಅಂಬಾ’ ಅಂದವನು, ಅದೂ ಎಷ್ಟು ಚೆನ್ನಾಗಿ ಅಂದೆನೆಂದರೆ ಕರು ಎದ್ದು ನಿಂತಿತಂತೆ. ಈ ವಿಷಯದಲ್ಲಿ ಅವಳಿಗೆ ಸ್ವಲ್ಪ ಬೇಸರ ಇನ್ನೂ ಉಳಿದಿದೆ.

ಈಗ ನಾನು ಬೈಲಹೊಂಗಲದಲ್ಲಿ ಇದೇ ಗಂಟಲಿನಿಂದ ಹೊಟ್ಟೆ ಹೊರೆಯುತ್ತೇನೆ. ಆಟೋದ ಮೇಲೆ ಮೈಕು ಕಟ್ಟಿಕೊಂಡು ಊರೂರು ತಿರುಗುತ್ತಾರಲ್ಲ, ಸೀರೆ ಅಂಗಡಿಯ ರಿಯಾಯಿತಿ, ಕಣ್ಣಿನ ತಪಾಸಣೆ, ಬೀಜ, ಗೊಬ್ಬರ, ದನದ ಔಷಧ, ಆ ಧ್ವನಿಗಳೆಲ್ಲ ನನ್ನವು. ಮುದುಕನೂ ನಾನೇ, ಮುದುಕಿಯೂ ನಾನೇ, ‘ಅಯ್ಯೋ ಹೌದೇನ್ರೀ?’ ಎಂದು ಬೆರಗಾಗುವ ಸೊಸೆಯೂ ನಾನೇ. ಕನ್ಯೆ ನೋಡಲು ರಾಮದುರ್ಗಕ್ಕೆ ಹೋದಾಗ ಹುಡುಗಿಯ ಅಪ್ಪ ಮೂಗಿನಿಂದ ಒಂದು ಪ್ರಶ್ನೆ ಕೇಳಿದರು. ನಾನು ರೂಢಿಯಲ್ಲಿ ಅವರ ಮೂಗಿನಿಂದಲೇ ಉತ್ತರ ಕೊಟ್ಟುಬಿಟ್ಟೆ. ಉಪ್ಪಿಟ್ಟು ಮಾತ್ರ ದಕ್ಕಿತು. ಇದನ್ನೆಲ್ಲ ಯಾರ ಹತ್ತಿರ ಕಲಿತೆ ಎಂದು ಜನ ಕೇಳುತ್ತಾರೆ. ಗೋಡೆಯ ಹತ್ತಿರ ಕಲಿತೆ ಎಂದರೆ ನಗುತ್ತಾರೆ. ನಿಜ ಹೇಳಿದಾಗಲೇ ಜನ ನನ್ನ ಮಾತಿಗೆ ಹೆಚ್ಚು ನಗುವುದು.

ಆ ಗೋಡೆ ಎದ್ದದ್ದು ನಾನು ಕನ್ನಡ ಸಾಲೆಯ ಕೆಳಗಿನ ತರಗತಿಯಲ್ಲಿದ್ದಾಗ. ಅಪ್ಪ ಮತ್ತು ದೊಡ್ಡಪ್ಪ ಬೇರೆಯಾದರು. ಕಾರಣ ಕೇಳಿದರೆ ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ; ನನಗೆ ಗೊತ್ತಿರುವುದು ಜರ್ಸಿ ಆಕಳೊಂದೇ. ಅಪ್ಪ ಹಾಲಿನ ಆಸೆಗೆ ಒಂದು ಜರ್ಸಿ ಆಕಳು ತಂದು ಎತ್ತುಗಳ ಪಕ್ಕದಲ್ಲಿ ಕಟ್ಟಿದ. ದೊಡ್ಡಪ್ಪ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದು ನಿಂತ.

“ಬೆನ್ನಮ್ಯಾಲೆ ಡುಬ್ಬನ ಇಲ್ಲ. ಇದಕ್ಕ ಆಕಳ ಅಂತ ಯಾರ ಅಂದಾರ?”

“ಹಾಲ ಕೊಡತೈತಿ ಅಣ್ಣಾ.”

“ಹಾಲ ಡೇರಿ ಗಾಡೀನೂ ಕೊಡತೈತಿ. ಅದನ್ನೂ ತಂದ ಕಟ್ಟ ಇಲ್ಲೆ.”

ಅಷ್ಟರಿಂದ ಶುರುವಾದದ್ದು ಮನೆಯ ನಟ್ಟನಡುವೆ ಇಟ್ಟಿಗೆಯ ಗೋಡೆಯಾಗಿ ನಿಂತಿತು. ದನಗಳ ಅಂಕಣ ಎರಡಾಯಿತು, ಪಡಸಾಲೆ ಎರಡಾಯಿತು, ಒಂದೇ ಒಲೆಯ ಮುಂದೆ ಕೂರುತ್ತಿದ್ದ ಅವ್ವ ಮತ್ತು ದೊಡ್ಡವ್ವ ಬೇರೆ ಬೇರೆ ಒಲೆ ಹಚ್ಚಿದರು. ನಮ್ಮ ತಂದೆಯ ತಾಯಿ, ಆಯಿ, ನಮ್ಮ ಪಾಲಿಗೆ ಬಂದಳು. ಈ ಗೋಡೆ ಬೀಳುವ ತನಕ ಆ ಕಡೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಆಣೆ ಮಾಡಿ ನಮ್ಮ ಕಂಬಕ್ಕೆ ಬೆನ್ನು ಹಚ್ಚಿ ಕೂತಳು. ಗೋಡೆಗೆ ಗಿಲಾವು ಮಾತ್ರ ಆಗಲಿಲ್ಲ. ಅಣ್ಣ ಮೊದಲು ಮೆತ್ತಿಸಲಿ ಎಂದು ಅಪ್ಪ, ತಮ್ಮ ಮೊದಲು ಮೆತ್ತಿಸಲಿ ಎಂದು ದೊಡ್ಡಪ್ಪ. ಇಟ್ಟಿಗೆಗಳ ಸಂದಿನಲ್ಲಿ ಬೆರಳು ತೂರುವಷ್ಟು ಬಿರುಕು, ಮೇಲೆ ತೊಲೆಗಳ ಹತ್ತಿರ ಬೆಕ್ಕು ಓಡಾಡುವಷ್ಟು ಕಿಂಡಿ ಹಾಗೇ ಉಳಿದವು. ಬೆಕ್ಕು ಎರಡೂ ಕಡೆ ಹಾಲು ಕುಡಿದು ದಪ್ಪಗಾಯಿತು. ಮನೆ ಒಡೆದದ್ದರಿಂದ ಲಾಭವಾದದ್ದು ಅದಕ್ಕೊಂದಕ್ಕೇ.

ನಾನು ಒಬ್ಬನೇ ಮಗ. ಗೋಡೆಗೆ ಮೊದಲು ನನಗೆ ಇದು ಗೊತ್ತಿರಲಿಲ್ಲ. ದೊಡ್ಡಪ್ಪನ ಮಗ ಮಲ್ಲ್ಯಾ ನನ್ನ ತಟ್ಟೆಯಲ್ಲೇ ಉಣ್ಣುತ್ತಿದ್ದ, ನನ್ನ ಕೌದಿಯಲ್ಲೇ ಮಲಗಿ ನನ್ನನ್ನು ಒದೆಯುತ್ತಿದ್ದ. ಗೋಡೆಯಾದ ಮೇಲೆ ದೊಡ್ಡಪ್ಪ ಅವನನ್ನು ಬೈಲಹೊಂಗಲದ ಇಂಗ್ಲಿಷ್ ಸಾಲೆಗೆ ಹಾಕಿದ. ಬೆಳಿಗ್ಗೆ ಹಳದಿ ಬಸ್ಸು ಅವನನ್ನು ನುಂಗಿ ಸಂಜೆ ಉಗುಳುತ್ತಿತ್ತು. ನಾವು ಮಾತಾಡಿದ್ದು ಕಂಡರೆ ಎರಡೂ ಕಡೆ ಬೆನ್ನು ಬಿಸಿಯಾಗುತ್ತಿತ್ತು. ಹಾಗಾಗಿ ನಾನು ಸಂಜೆಯೆಲ್ಲ ಗೋಡೆಗೆ ಕಿವಿಗೊಟ್ಟು ಕೂರುತ್ತಿದ್ದೆ. ಆ ಕಡೆ ಮಲ್ಲ್ಯಾ ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡಿದರೆ ಈ ಕಡೆ ನಾನು ಅರ್ಥ ತಿಳಿಯದೆ ಅವನ ಮೂಗುಸ್ವರದಲ್ಲೇ ಒಪ್ಪಿಸುತ್ತಿದ್ದೆ. ದೊಡ್ಡಪ್ಪನ ಕೆಮ್ಮು ಕಲಿತೆ. ಆ ಕೆಮ್ಮಿಗೆ ಎಂಥ ಪ್ರಭಾವವಿತ್ತೆಂದರೆ, ಗೋಡೆಯ ಆಚೆ ಅವನು ಕೆಮ್ಮಿದ ಕೂಡಲೇ ಈಚೆ ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಳು. ಭಾವನ ಎದುರು ತಲೆ ಮುಚ್ಚಿ ರೂಢಿ. ನಡುವೆ ಗೋಡೆ ಬಂದಿದೆ ಎಂಬುದು ಅವಳ ಕೈಗೆ ಇನ್ನೂ ತಿಳಿದಿರಲಿಲ್ಲ. ದೊಡ್ಡವ್ವ ಮಲ್ಲ್ಯಾನನ್ನು ಬೈಯುವುದನ್ನೂ ಕಲಿತೆ. ಇನ್ನೊಂದನ್ನು ಮಾತ್ರ ಎಷ್ಟು ಮಾಡಿದರೂ ಕಲಿಯಲಾಗಲಿಲ್ಲ. ಸಂಜೆ ಎರಡೂ ಅಡುಗೆಮನೆಗಳಲ್ಲಿ ರೊಟ್ಟಿ ಬಡಿಯುವ ಸದ್ದು ಏಳುತ್ತಿತ್ತು. ಮೊದಲು ಅದು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಆ ಕಡೆಯದು ನಿಧಾನವಾಗಿ, ಈ ಕಡೆಯದು ಚುರುಕಾಗಿ, ಕೊನೆಗೆ ಎರಡೂ ಒಂದೇ ತಾಳಕ್ಕೆ ಬೀಳುತ್ತಿದ್ದವು. ಅದು ತಾನಾಗಿಯೇ ಆಗುತ್ತದೆ ಎಂದುಕೊಂಡಿದ್ದೆ.

ಊರ ಹೊರಗೆ ಗುಡ್ಡದ ಮಗ್ಗುಲಿಗೆ ನಮ್ಮದೊಂದು ಕುರಣವಿತ್ತು. ಕುರಣವೆಂದರೆ ದನ ಮೇಯಿಸಲೆಂದೇ ಬಿಟ್ಟ ಹುಲ್ಲಿನ ನೆಲ, ಬಿತ್ತುವುದಿಲ್ಲ, ಉಳುವುದಿಲ್ಲ. ಅದೂ ಪಾಲಾಗಿ ನಡುವೆ ಒಂದು ಬದು ಬಿದ್ದಿತ್ತು. ಈ ಕುರಣದ ಜೊತೆಗೆ ಹೇಳಬೇಕಾದದ್ದು ಉಣ್ಣಿಯ ವಿಷಯ. ದನಗಳ ಕಿವಿಯೊಳಗೆ, ತೊಡೆಸಂದಿಯಲ್ಲಿ, ಬಾಲದ ಬುಡದಲ್ಲಿ ಕಚ್ಚಿಕೊಂಡು ರಕ್ತ ಕುಡಿಯುವ ಉಣ್ಣಿಗಳು ನಮ್ಮ ಮನೆಯಲ್ಲಿ ಎಷ್ಟಿದ್ದವೆಂದರೆ ಗೋಡೆಯ ಬಿರುಕುಗಳೆಲ್ಲ ಅವುಗಳದ್ದೇ ಊರು. ಚಿಕ್ಕವು ಎಳ್ಳಿನಷ್ಟು, ಕುಡಿದು ಉಬ್ಬಿದವು ಔಡಲ ಬೀಜದಷ್ಟು. ನಮ್ಮ ಎತ್ತುಗಳು ಅವನ್ನು ನೆಂಟರಂತೆ ಸಹಿಸುತ್ತಿದ್ದವು. ಜರ್ಸಿಗೆ ಆಗುತ್ತಿರಲಿಲ್ಲ.

ಉಣ್ಣಿ ಕೀಳುವುದು ಆಯಿಯ ಕೆಲಸ, ಅದಕ್ಕೆ ಸೋಮವಾರವೇ ದಿನ. ಸೋಮವಾರ ಬಸವಣ್ಣನ ವಾರ, ನಮ್ಮಲ್ಲಿ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಉಳಿದ ದಿನ ಬೆಳಕು ಹರಿಯುವ ಮೊದಲು ಹೊಲಕ್ಕೆ ಹೋಗುವ ಎತ್ತುಗಳು ಅಂದು ಮಾತ್ರ ಮನೆಯಲ್ಲಿ ನಿಂತಿರುತ್ತವೆ. ಆಯಿ ಮೈ ತೊಳೆಸಿ, ವಿಭೂತಿ ಹಚ್ಚಿ, ಕೆಳಗೆ ಮಣೆ ಹಾಕಿಕೊಂಡು ಕೂತು ಒಂದೊಂದೇ ಉಣ್ಣಿ ಕಿತ್ತು ಹಳೆಯ ಡಾಲ್ಡಾ ಡಬ್ಬಿಗೆ ಹಾಕುತ್ತಿದ್ದಳು. ಎತ್ತು ಕಣ್ಣು ಮುಚ್ಚಿ ಕತ್ತು ಚಾಚಿ ನಿಲ್ಲುತ್ತಿತ್ತು. ಆದರೆ ಬಸವಣ್ಣನ ವಾರ ಜೀವ ತೆಗೆಯಬಾರದು. ಉಣ್ಣಿಯದೂ ಜೀವವೇ. ಹಾಗಾಗಿ ಆಯಿ ಡಬ್ಬಿಯ ಬಾಯಿಗೆ ಬಟ್ಟೆ ಕಟ್ಟಿ ನನ್ನ ಕೈಗೆ ಕೊಡುತ್ತಿದ್ದಳು.

“ಕುರಣಕ್ಕ ಒಯ್ದ ಬಿಡ. ನಮ್ಮ ಬಾಜೂನೂ ಬ್ಯಾಡ, ಅವ್ರ ಬಾಜೂನೂ ಬ್ಯಾಡ. ಬದುವಿನ ಮ್ಯಾಲೆ ಬಿಡ. ಯಾರಿಗೂ ಅನ್ಯಾಯ ಆಗಬಾರ್ದು.”

ಗೋಡೆಯ ಆಚೆ ದೊಡ್ಡವ್ವನೂ ಇದೇ ಅತ್ತೆಯ ಹತ್ತಿರ ಕಲಿತ ಸೊಸೆ. ಅವಳೂ ಸೋಮವಾರವೇ ಕೀಳುತ್ತಿದ್ದಳು, ಅವಳೂ ಡಬ್ಬಿ ಕಟ್ಟುತ್ತಿದ್ದಳು, ಅವಳೂ ಬದುವಿಗೇ ಕಳಿಸುತ್ತಿದ್ದಳು. ಹೊತ್ತು ತರುತ್ತಿದ್ದವನು ಮಲ್ಲ್ಯಾ.

ಹೀಗೆ ವಾರಕ್ಕೊಮ್ಮೆ, ಸಾಲೆ ಬಿಟ್ಟ ಮೇಲೆ, ಹೊತ್ತು ಮುಳುಗುವ ಮುಂಚೆ, ಯಾರೂ ನೋಡದ ಆ ಗುಡ್ಡದ ಮಗ್ಗುಲಲ್ಲಿ ನಾವು ಅಣ್ಣತಮ್ಮಂದಿರಾಗುತ್ತಿದ್ದೆವು. ಅವನು ಬರುವುದು ತಡವಾದರೆ ಬದುವಿನ ಮೇಲೆ ಹತ್ತಿ ನಿಂತು ಊರ ದಾರಿ ನೋಡುತ್ತಿದ್ದೆ. ಟೈ ಕಟ್ಟಿಕೊಂಡೇ ಉಣ್ಣಿ ಡಬ್ಬಿ ಹಿಡಿದು ಓಡಿ ಬರುತ್ತಿದ್ದ ಅವನು ಕಾಣಿಸಿದರೆ ಸಾಕು, ನಾನು ಅವನ ನಡಿಗೆ ನಡೆದು ತೋರಿಸುತ್ತಿದ್ದೆ. ಡಬ್ಬಿ ಬಿಚ್ಚಿ ಉಣ್ಣಿಗಳನ್ನು ಹುಲ್ಲಿಗೆ ಸುರಿದು ಬದುವಿನ ಮೇಲೆ ಕೂತೆವೆಂದರೆ ಅವನ ಮೊದಲ ಪ್ರಶ್ನೆ ಯಾವಾಗಲೂ ಒಂದೇ.

“ಆಯಿ ಏನಂದ್ಲು ಈ ವಾರ?”

ಅವನಿಗೆ ಆಯಿ ಬೇಕಾಗಿದ್ದಳು. ಗೋಡೆ ಅವಳನ್ನು ನಮ್ಮ ಪಾಲಿಗೆ ಹಾಕಿತ್ತು. ನಾನು ತಲೆಗೆ ಅಂಗಿ ಹೊದ್ದು, ಬೆನ್ನು ಬಗ್ಗಿಸಿ, ಆ ವಾರ ಆಯಿ ಆಡಿದ್ದನ್ನೆಲ್ಲ ಅವಳ ಬೊಚ್ಚುಬಾಯಲ್ಲೇ ಆಡುತ್ತಿದ್ದೆ. ಅವನು ಮೊದಲು ನಗುತ್ತಿದ್ದ, ಆಮೇಲೆ ಸುಮ್ಮನೆ ಕೇಳುತ್ತಿದ್ದ. ಒಮ್ಮೆ ನನ್ನ ಮೊಣಕಾಲ ಮೇಲೆ ತಲೆಯಿಟ್ಟು, ‘ಹಂಗ ಕೂದಲಾಗ ಕೈ ಆಡಿಸೋ’ ಅಂದ. ಆಡಿಸಿದೆ. ಬೇರೆ ಯಾರ ಮುಂದೆ ಈ ಆಟ ಮಾಡಿದರೂ ಚಪ್ಪಾಳೆ ಬರುತ್ತದೆ; ಅದೊಂದೇ ಕಡೆ ತಲೆ ಬಂದದ್ದು.

ಆ ವರ್ಷ ಮಳೆ ನಿಂತ ಮೇಲೆ ಜರ್ಸಿಗೆ ಜ್ವರ ಬಂತು. ಮೇವು ಬಿಟ್ಟಿತು, ಕಿವಿ ಜೋಲಿತು, ಉಚ್ಚೆ ಚಹಾದ ಬಣ್ಣಕ್ಕೆ ತಿರುಗಿತು. ಅಪ್ಪ ದನದ ಡಾಕ್ಟರನ್ನು ಕರೆದುಕೊಂಡು ಬಂದ. ಬಂದವರು ಹೊಸದಾಗಿ ನೌಕರಿಗೆ ಸೇರಿದ ಹೆಣ್ಣುಮಗಳು, ಮಂಡ್ಯದ ಕಡೆಯವರು. ಸವದತ್ತಿಯಲ್ಲಿ ಒಂದು ಖೋಲಿ ಹಿಡಿದು ಒಬ್ಬರೇ ಇದ್ದರು. ಸೂಜಿ ಚುಚ್ಚಿದರು, ಜರ್ಸಿ ಉಳಿಯಿತು. ಇದು ಉಣ್ಣಿಯಿಂದ ಬರುವ ಜ್ವರ ಎಂದು ಹೇಳಿ, ದನಗಳಿಗೆಲ್ಲ ಔಷಧ ಹೊಡೆಸಿ ಹೋದರು. ಕೆಲವು ವಾರಗಳಲ್ಲಿ ಉಣ್ಣಿ ಮತ್ತೆ ತುಂಬಿದವು. ಮತ್ತೆ ಬಂದರು, ಮತ್ತೆ ಹೊಡೆಸಿದರು. ಮತ್ತೆ ತುಂಬಿದವು. ಮುಂದಿನ ಸಲ ಬಂದಾಗ ಜರ್ಸಿಯ ಕಿವಿ ಮಗುಚಿ ನೋಡಿ, ಮೆಟ್ಟಿಲ ಮೇಲೆ ಕೂತುಬಿಟ್ಟರು.

“ಔಷಧ ಸರಿ ಇದೆ. ಹೊಡೆದಿದ್ದೂ ಸರಿ ಇದೆ. ಎಲ್ಲಿಂದ ಬರ್ತಿವೆ ಇವು?”

ಅವ್ವ ಚಹಾ ತಂದಳು. ಡಾಕ್ಟರಬಾಯಿಯ ಮುಖ ಸಣ್ಣಗಾಗಿತ್ತು. ನನಗೆ ಯಾರ ಮುಖ ಸಣ್ಣಗಾದರೂ ಗಂಟಲು ತುರಿಸುತ್ತದೆ. ನಾನು ಅವರದೇ ಧ್ವನಿಯಲ್ಲಿ, ‘ಎಲ್ಲಿಂದ ಬರ್ತಿವೆ ಇವು?’ ಅಂದೆ.

“ಏ ಈರ್ಯಾ! ನಾಲಿಗಿ ಮ್ಯಾಲೆ ಕೊಳ್ಳಿ ಇಡತೇನಿ ನೋಡ!” ಅವ್ವ ಕೈ ಎತ್ತಿದಳು. “ತಪ್ಪ ತಿಳ್ಕೋಬ್ಯಾಡ್ರಿ ಬಾಯಾರ, ಇದೊಂದ ಹುಟ್ಟಾ ಮಂಗ್ಯಾ.”

ಡಾಕ್ಟರಬಾಯಿ ನಕ್ಕರು. “ಇರಲಿ ಬಿಡಿ. ಇನ್ನೂ ಯಾರ ಥರ ಮಾತಾಡ್ತೀಯ?”

ಕೇಳುವುದೇ ತಡ. ನನ್ನ ಗಂಟಲಿನಿಂದ ಸಾಲೆಯ ಮಾಸ್ತರು ಬಂದರು, ಅಪ್ಪ ಬಂದ, ಜರ್ಸಿ ಬಂತು. ಡಾಕ್ಟರಬಾಯಿ ಬಸಿಯಲ್ಲಿ ಚಹಾ ಚೆಲ್ಲಿಕೊಂಡು ನಗುತ್ತಿದ್ದರು. ಕೊನೆಗೆ ನನ್ನ ಹತ್ತಿರವಿದ್ದ ಅತ್ಯುತ್ತಮ ಸರಕು ಹೊರತೆಗೆದೆ. ತಲೆಗೆ ಅಂಗಿ ಹೊದ್ದು, ಡಬ್ಬಿ ಹಿಡಿದು, ಆಯಿಯಾದೆ.

“ಹೋಗ್ರೆವ್ವಾ, ಹೋಗ್ರಿ. ಇವತ್ತ ಬಸವಣ್ಣನ ವಾರ, ನಿಮ್ಮನ್ನ ಯಾರೂ ಏನೂ ಅನ್ನಂಗಿಲ್ಲ. ಕುರಣದಾಗ ತಂಪ ಹುಲ್ಲೈತಿ, ಮಕ್ಕಳಾ ಮರಿ ಕಟಗೊಂಡ ಸುಖದಿಂದ ಇರ್ರಿ.”

ಕಂಬಕ್ಕೆ ಒರಗಿದ್ದ ಆಯಿ ಕೂಡ ನಕ್ಕಳು. ಡಾಕ್ಟರಬಾಯಿ ಮಾತ್ರ ನಗುವುದನ್ನು ನಿಲ್ಲಿಸಿದ್ದರು.

“ಒಂದ್ನಿಮಿಷ ಇರು. ಇದು ಆಟಾನೋ, ನಿಜಾನೋ?”

“ಖರೇನ್ರಿ. ನಾನ ಒಯ್ದ ಬಿಡತೇನಿ.”

“ಎಲ್ಲಿ? ತೋರಿಸು ನಡಿ.”

ಹೋಗುವ ದಾರಿಯಲ್ಲಿ ಅವರು ನನಗೆ ಉಣ್ಣಿಯ ಸಂಸಾರ ಹೇಳಿದರು. ಹೊಟ್ಟೆ ತುಂಬ ರಕ್ತ ಕುಡಿದ ಹೆಣ್ಣು ಉಣ್ಣಿ ತಾನಾಗಿಯೇ ನೆಲಕ್ಕೆ ಬೀಳುತ್ತದೆ. ಮಣ್ಣಿನ ಬಿರುಕು ಹುಡುಕಿ ಸಾವಿರಾರು ಮೊಟ್ಟೆಯಿಟ್ಟು ಸಾಯುತ್ತದೆ. ಆಯಿ ಔಡಲ ಬೀಜದಷ್ಟು ದಪ್ಪನೆಯವನ್ನೇ ಆರಿಸಿ ಕೀಳುತ್ತಿದ್ದಳು, ಬೆರಳಿಗೆ ಸಿಗುವುದು ಅವೇ ತಾನೆ. ಅಂದರೆ ಬಸುರಿಯರನ್ನೇ ಆರಿಸಿ, ಡಬ್ಬಿಯಲ್ಲಿ ಕೂರಿಸಿ, ಹುಲ್ಲಿನ ತವರಿಗೆ ಕಳಿಸಿಕೊಡುತ್ತಿದ್ದೆವು. ನಾನು ಮತ್ತು ಮಲ್ಲ್ಯಾ ದಿಬ್ಬಣದವರು.

“ಮೊಟ್ಟೆ ಒಡೆದ ಮರಿಗಳು ಹುಲ್ಲಿನ ತುದಿಗೆ ಹತ್ತಿ, ಮುಂಗಾಲು ಚಾಚಿ ಕಾಯ್ತಾ ಕೂತಿರ್ತವೆ. ದನ ಹಾದು ಹೋದ್ರೆ ಹಿಡ್ಕೊಂಡುಬಿಡ್ತವೆ.”

“ದನಾ ಬರಲಿಲ್ಲಂದ್ರ?”

“ಕಾಯ್ತವೆ. ತಿಂಗಳುಗಟ್ಟಲೆ ಕಾಯ್ತವೆ.”

“ಆಮ್ಯಾಲೆ?”

“ಆಮೇಲೆ ಏನು? ಹಸಿದು ಸಾಯ್ತವೆ.”

ಅಪ್ಪನ ಬಿಳಿ ಧೋತರವನ್ನು ಒಂದು ಕೋಲಿಗೆ ಕಟ್ಟಿಸಿ ತಂದಿದ್ದರು. ಒಂದು ತುದಿ ನಾನು, ಒಂದು ತುದಿ ಅವರು ಹಿಡಿದು ಬದುವಿನ ಗುಂಟ ಹುಲ್ಲಿನ ಮೇಲೆ ಎಳೆದುಕೊಂಡು ನಡೆದೆವು. ಮಗುಚಿ ನೋಡಿದರೆ ಬಿಳಿ ಬಟ್ಟೆಯ ಮೇಲೆ ಗಸಗಸೆ ಚೆಲ್ಲಿದಂತೆ. ನೋಡನೋಡುತ್ತ ಗಸಗಸೆ ನಡೆಯತೊಡಗಿತು. ಹಿಂದೆ ಬಂದ ಅಪ್ಪ, ‘ನನ್ನ ಮದವ್ಯಾಗ ಉಟ್ಟ ಧೋತರ ಅದು’ ಎಂದಷ್ಟೇ ಅಂದ. ಆಚೆಯಿಂದ ದೊಡ್ಡಪ್ಪನೂ ಬಂದ. ಬದುವಿನ ಈಚೆ ಅಪ್ಪ, ಆಚೆ ಅವನು. ಕೈ ಚಾಚಿದರೆ ಹೆಗಲು ಮುಟ್ಟುವಷ್ಟು ಹತ್ತಿರ.

“ಏನ ನಡದೈತ್ರಿ ಡಾಕ್ಟರಬಾಯಿ?”

ಅವರು ಧೋತರ ತೋರಿಸಿ ವಿವರಿಸಿದರು. ಔಷಧ ಹೊಡೆದರೆ ದನದ ಮೈಮೇಲಿನವು ಸಾಯುತ್ತವೆ, ಕುರಣದಲ್ಲಿರುವವು ಸಾಯುವುದಿಲ್ಲ. ಕುರಣ ಖಾಲಿ ಬಿಡಬೇಕು. ಅರ್ಧ ಬಿಟ್ಟರೆ ಉಪಯೋಗವಿಲ್ಲ, ಎರಡೂ ಕಡೆ ಒಟ್ಟಿಗೇ ಬಿಡಬೇಕು, ಬೇಸಿಗೆ ಕಳೆದು ಮುಂದಿನ ಮಳೆ ಬರುವ ತನಕ ಒಂದು ದನವೂ ಕಾಲಿಡಬಾರದು. ಎರಡೂ ಮನೆಯ ದನಗಳಿಗೆ ಒಂದೇ ದಿನ ಔಷಧ. ಮನೆಯ ನಡುಗೋಡೆಯ ಬಿರುಕುಗಳನ್ನೆಲ್ಲ ಗಿಲಾವು ಮಾಡಿ ಮುಚ್ಚಬೇಕು, ಮೇಲಿನ ಕಿಂಡಿ ಸಮೇತ.

“ಅವ್ರಿಗೆ ಹೇಳ್ರಿ ಬಾಯಾರ,” ಅಪ್ಪ ಗುಡ್ಡದ ಕಡೆ ನೋಡುತ್ತ ಹೇಳಿದ, “ನಾ ಬಿಡಾಕ ತಯಾರ ಅದೇನಿ. ಅವ್ರ ದನಾ ಒಳಗ ಬಂದ್ರ ಮಾತ್ರ ಎಲ್ಲಾ ನೀರಾಗ ಹೋಮ.”

“ಅವ್ರಿಗೆ ಹೇಳ್ರಿ,” ದೊಡ್ಡಪ್ಪ ಆಕಾಶ ನೋಡುತ್ತ ಹೇಳಿದ, “ನಮ್ಮ ದನಾ ನಮ್ಮ ಮಾತ ಕೇಳತಾವ. ಡುಬ್ಬ ಇಲ್ಲದವನ್ನ ಮೊದಲ ಕಟ್ಟಿಹಾಕ ಅನ್ರಿ.”

ಡಾಕ್ಟರಬಾಯಿ ಇಬ್ಬರ ಮುಖವನ್ನೂ ನೋಡಿದರು. “ನಾನು ಹೇಳೋದೇನಿದೆ? ಇಬ್ಬರಿಗೂ ಕೇಳಿಸ್ತಾ ಇದೆಯಲ್ಲಾ?”

“ಕೇಳಸ್ತೈತ್ರಿ,” ಅಂದರು ಇಬ್ಬರೂ ಒಟ್ಟಿಗೆ. ಒಂದೇ ಧ್ವನಿ, ಒಂದೇ ಎಳೆತ. ಅಲ್ಲಿಯ ತನಕ ನಾನು ಅವರನ್ನು ನನ್ನ ಅಣಕಿನ ಆಟದ ಎರಡು ಬೇರೆ ಬೇರೆ ಐಟಂ ಎಂದು ತಿಳಿದಿದ್ದೆ.

“ನಿಮ್ಮನೇಲೂ ಉಣ್ಣಿ ತಂದು ಇಲ್ಲೇ ಬಿಡ್ತೀರಾ?” ಎಂದು ದೊಡ್ಡಪ್ಪನನ್ನು ಕೇಳಿದರು.

ಅವನು ಕಾಲಿನಿಂದ ಬದುವಿನ ಕಲ್ಲೊಂದನ್ನು ಸರಿಸಿದ. “ನಮ್ಮವ್ವ ಕಲಿಸಿದ್ದರಿ.”

ಆಯಿಗೆ ಇದನ್ನು ಹೇಳುವುದು ಡಾಕ್ಟರಬಾಯಿಗೇ ಬಿತ್ತು. ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು ಮೆತ್ತಗೆ ಹೇಳಿದರು. ಆಯಿ ಎಲ್ಲ ಕೇಳಿದಳು.

“ಹಂಗಾರ ನಾ ಇಷ್ಟ ದಿನಾ ಮಾಡಿದ್ದು ಪಾಪ ಅಂತೀಯೇನವ್ವಾ?”

“ಪಾಪ ಅಲ್ಲ ಅಜ್ಜಿ. ಸೋಮವಾರದ ಬದಲು ಮಂಗಳವಾರ ಕೀಳಿ, ಕಿತ್ತಿದ್ದನ್ನ ಸೀಮೆಎಣ್ಣೆಗೆ ಹಾಕಿ. ಅಷ್ಟೇ.”

“ಮಂಗಳಾರ ಎತ್ತು ಹೊಲದಾಗ ಇರ್ತಾವ. ನನ್ನ ಕೈಗೆ ಎಲ್ಲಿ ಸಿಗತಾವ?”

ಆಯಿ ಅಂದಿನಿಂದ ಉಣ್ಣಿ ಮುಟ್ಟಲಿಲ್ಲ. ಉಳಿದವನ್ನು ಅಪ್ಪ ಹೊಲದಿಂದ ಬಂದ ಮೇಲೆ ಇಕ್ಕಳದಿಂದ ಕಿತ್ತು ಸೀಮೆಎಣ್ಣೆಗೆ ಹಾಕುತ್ತಿದ್ದ, ಯಾವ ಎತ್ತೂ ಅವನಿಗೆ ಕತ್ತು ಚಾಚಿ ಕೊಡುತ್ತಿರಲಿಲ್ಲ. ಸೋಮವಾರ ಬಂದರೆ ಆಯಿ ಮೊದಲೇ ಹಸನಾಗಿದ್ದ ಜೋಳವನ್ನು ಮೊರಕ್ಕೆ ಸುರಿದುಕೊಂಡು ಕೂರುವಳು. ಇಲ್ಲದ ಕಲ್ಲು ಆರಿಸುವಳು. ಎತ್ತು ಅವಳ ಕಡೆಗೆ ಕತ್ತು ಚಾಚಿ ನಿಂತಿರುತ್ತಿತ್ತು.

ಮೊದಲ ಸೋಮವಾರ ನಾನು ಖಾಲಿ ಡಬ್ಬಿ ಹಿಡಿದುಕೊಂಡು ಕುರಣಕ್ಕೆ ಹೋದೆ. ಕೇಳಿದರೆ ಡಬ್ಬಿ ತೊಳೆಯಲು ಎಂದು ಹೇಳುವ ವಿಚಾರವಿತ್ತು, ಯಾರೂ ಕೇಳಲಿಲ್ಲ. ಕುರಣದ ಬಾಯಿಗೆ ಜಾಲಿಮುಳ್ಳು ಹೇರಿದ್ದರು. ಒಳಗೆ ಮಳೆಗಾಲದಲ್ಲಿ ಬೆಳೆದ ಹುಲ್ಲು, ಈಗ ತುಳಿಯುವ ದನವಿಲ್ಲದೆ, ನನ್ನ ಮೊಣಕಾಲು ದಾಟಿ ನಿಂತು, ತುದಿಗೆ ಬಿಳಿಯ ತೆನೆ ಹೊತ್ತು, ಗಾಳಿಗೆ ಒಂದೇ ಕಡೆ ಬಾಗುತ್ತಿತ್ತು. ಅಷ್ಟು ಚೆಂದದ ಹುಲ್ಲನ್ನು ನಾನು ನೋಡಿರಲಿಲ್ಲ. ಮುಳ್ಳಿನ ಈಚೆ ನಿಂತೆ. ಆ ತೆನೆ ತೆನೆಯ ಮೇಲೂ ಕಣ್ಣಿಗೆ ಕಾಣದ ಮರಿಗಳು ಕೈ ಚಾಚಿ ಕೂತಿವೆ ಎಂಬುದು ನೆನಪಾಯಿತು. ಅವು ಯಾರನ್ನೋ ಕಾಯುತ್ತಿದ್ದವು, ನಾನು ಯಾರನ್ನೋ. ಹಳದಿ ಬಸ್ಸು ಬಂದು ಹೋದ ಸದ್ದು ಕೇಳಿಸಿತು. ಮಲ್ಲ್ಯಾನ ಕೈಯಲ್ಲಿ ಡಬ್ಬಿಯಿಲ್ಲ, ಅವನು ಮನೆಯಿಂದ ಹೊರಬೀಳಲು ಕಾರಣವಿಲ್ಲ. ಇದು ನನಗೆ ಗೊತ್ತಿತ್ತು. ಆದರೂ ಮರುವಾರ ಹೋದೆ, ಅದರ ಮರುವಾರವೂ ಹೋದೆ. ಒಮ್ಮೆ ತಲೆಗೆ ಅಂಗಿ ಹೊದ್ದು ಹುಲ್ಲಿನ ಮುಂದೆ ಆಯಿಯ ಧ್ವನಿ ತೆಗೆದೆ. ಕೇಳುವವರಿಲ್ಲದೆ ಧ್ವನಿ ಎಷ್ಟು ಪೆದ್ದಾಗಿ ಕೇಳಿಸುತ್ತದೆ ಎಂದು ಆ ದಿನ ಗೊತ್ತಾಯಿತು. ನನ್ನ ಕಸುಬಿಗೆ ಬೇಕಾದ ಜ್ಞಾನವೇ ಅದು, ಆದರೆ ಸ್ವಲ್ಪ ಬೇಗ ಬಂತು.

ಗೋಡೆಗೆ ಗಿಲಾವು ಮಾಡಲು ಬಂದ ಗೌಂಡಿ ಒಬ್ಬನೇ. ಬೆಳಿಗ್ಗೆ ನಮ್ಮ ಕಡೆ ಮೆತ್ತಿದ, ಮಧ್ಯಾಹ್ನ ನಮ್ಮಲ್ಲೇ ಉಂಡು ಆ ಕಡೆ ಹೋದ. ತೊಲೆಗಳ ಹತ್ತಿರದ ಕಿಂಡಿಗೆ ಇಟ್ಟಿಗೆ ಇಡುವಾಗ ಬೆಕ್ಕು ಕೆಳಗೆ ಕೂತು, ತನ್ನ ಮನೆ ಯಾವುದೆಂದು ತೀರ್ಮಾನವಾಗದೆ ಒದರುತ್ತಿತ್ತು. ಅಣ್ಣತಮ್ಮಂದಿರು ಬೇರೆಯಾದ ಮೇಲೆ ಸೇರಿ ಮಾಡಿದ ಕೆಲಸ ಅದೊಂದೇ, ಮತ್ತು ಎಷ್ಟು ಚೊಕ್ಕವಾಗಿ ಮಾಡಿದರು! ಸಂಜೆಯ ಹೊತ್ತಿಗೆ ಗೋಡೆ ನುಣ್ಣಗೆ, ಒದ್ದೆಯಾಗಿ, ಒಳ್ಳೆಯ ವಾಸನೆ ಬರುತ್ತ ನಿಂತಿತ್ತು. ನಾನು ಕಿವಿಯಿಟ್ಟೆ. ಕಿವಿಗೆ ಸಿಮೆಂಟು ಹತ್ತಿತು.

ಕೆಟ್ಟದ್ದೇನೂ ಆಗಲಿಲ್ಲ ಎಂಬುದನ್ನು ಸರಿಯಾಗಿ ಹೇಳಬೇಕು. ಮುಂದಿನ ಮಳೆ ಬಿದ್ದ ಮೇಲೆ ಧೋತರ ಎಳೆದು ನೋಡಿದರೆ ಬಟ್ಟೆ ಬಹುತೇಕ ಬಿಳಿಯಾಗೇ ಉಳಿಯಿತು. ಜರ್ಸಿ ಮೈದುಂಬಿತು. ಮನೋಳಿಯ ಕಡೆಯಿಂದಲೂ ರೈತರು ಬಂದು ಕುರಣ ನೋಡಿ ಹೋದರು. ಅವರ ಮುಂದೆ ಅಪ್ಪ ಡಾಕ್ಟರಬಾಯಿಯ ಹಾಗೇ ಕೈ ತಿರುಗಿಸಿ ವಿವರಿಸುತ್ತಿದ್ದ. ನನ್ನ ರೋಗ ಎಲ್ಲಿಂದ ಬಂದದ್ದೆಂದು ಆಗ ತಿಳಿಯಿತು. ಕುರಣ ಮತ್ತೆ ತೆರೆದಾಗ ದೊಡ್ಡಪ್ಪ ದನ ಕಾಯಲು ಆಳು ಇಟ್ಟಿದ್ದ. ಮಲ್ಲ್ಯಾ ಈಗ ಕಿತ್ತೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಹಾಕಿದ್ದಾನೆ. ಸಿಕ್ಕರೆ ಚಹಾ ಕುಡಿಸುತ್ತಾನೆ, ‘ಆರಾಮ್ರಿ?’ ಅನ್ನುತ್ತಾನೆ. ನಮಗಿಬ್ಬರಿಗೂ ಆ ‘ರಿ’ ಎಲ್ಲಿಂದ ಅಂಟಿಕೊಂಡಿತೋ, ಯಾವ ಔಷಧಕ್ಕೂ ಬಿಡುತ್ತಿಲ್ಲ.

ಗಿಲಾವು ಒಣಗುತ್ತಿದ್ದ ದಿನಗಳ ಒಂದು ಸಂಜೆ ಮಾತ್ರ ನನ್ನನ್ನು ಬಿಟ್ಟು ಹೋಗುವುದಿಲ್ಲ. ಅಪ್ಪ ಹೊಲದಿಂದ ಬಂದಿರಲಿಲ್ಲ. ಆಯಿ ಕಂಬಕ್ಕೊರಗಿ ತೂಕಡಿಸುತ್ತಿದ್ದಳು. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಒಂದೇ ಸದ್ದು. ಸ್ವಲ್ಪ ಬಡಿಯುವಳು, ನಿಲ್ಲಿಸುವಳು, ಮತ್ತೆ ಬಡಿಯುವಳು, ತಾಳ ಸಿಗದವಳ ಹಾಗೆ. ನಾನು ದನಗಳ ಅಂಕಣದಲ್ಲಿ ಜರ್ಸಿಯ ಮಗ್ಗುಲಿಗೆ ಕೂತು, ಬೇಸರ ಕಳೆಯಲು ಆ ಕಡೆಯ ಮನೆಯನ್ನು ಒಬ್ಬನೇ ನಡೆಸುತ್ತಿದ್ದೆ. ಮಲ್ಲ್ಯಾನ ಇಂಗ್ಲಿಷ್ ಪದ್ಯ ಒಪ್ಪಿಸಿದೆ. ದೊಡ್ಡವ್ವನಾಗಿ ಅವನನ್ನು ಬೈದೆ. ಬೈದು ಮುಗಿಯಿತು. ಆಮೇಲೆ, ಯಾಕೆಂದು ಗೊತ್ತಿಲ್ಲ, ಗೋಡೆಗೆ ಮೊದಲು ದೊಡ್ಡವ್ವ ಅವ್ವನನ್ನು ಹೆಸರು ಹಿಡಿದು ಕೂಗುತ್ತಿದ್ದದ್ದು ಅವಳದೇ ಧ್ವನಿಯಲ್ಲಿ ಬಾಯಿಗೆ ಬಂತು.

“ಏ ಶಾಂತಾ, ಮಜ್ಜಿಗಿ ಐತೇನ?”

“ಐತಿ ಅಕ್ಕಾ, ತಂದೆ!”

ರೊಟ್ಟಿಯ ಸದ್ದು ನಿಂತಿತು. ಗಡಿಗೆಯ ಮುಚ್ಚಳ ಸರಿಯಿತು. ಅವ್ವ ಹಿಟ್ಟಿನ ಕೈಯಲ್ಲೇ ಬಟ್ಟಲು ಹಿಡಿದು ಪಡಸಾಲೆಗೆ ಅವಸರವಾಗಿ ಬಂದಳು. ಎದುರಿಗೆ ನುಣ್ಣನೆಯ ಗೋಡೆ. ಕೆಳಗೆ ಜರ್ಸಿಯ ಪಕ್ಕ ನಾನು. ನಾನು ಎದ್ದು ತಲೆಗೆ ಎರಡೂ ಕೈ ಅಡ್ಡ ಹಿಡಿದೆ. ಏಟು ಬೀಳಲಿಲ್ಲ. ಕೈ ಸರಿಸಿ ನೋಡಿದರೆ ಅವ್ವ ಮೆಟ್ಟಿಲ ಮೇಲೆ ಹಾಗೇ ನಿಂತಿದ್ದಳು.

“ಇನ್ನೊಮ್ಮೆ ಅನ್ನ,” ಅಂದಳು.

“ಅವ್ವಾ, ನಾ ಸುಮ್ನ…”

“ಅನ್ನೋ ಈರ್ಯಾ. ಇನ್ನೊಮ್ಮೆ.”

ಅಂದೆ. ನನ್ನ ಜೀವಮಾನದಲ್ಲಿ ಅಷ್ಟು ಜೋಪಾನವಾಗಿ ಯಾವ ಧ್ವನಿಯನ್ನೂ ತೆಗೆದಿಲ್ಲ. ಅವ್ವ ನನ್ನ ಕಡೆ ನೋಡಲಿಲ್ಲ. ಮುಖವನ್ನು ಗೋಡೆಗೆ ತಿರುಗಿಸಿ, ಬಹಳ ಹತ್ತಿರದವರ ಹತ್ತಿರ ಮಾತಾಡುವ ದನಿಯಲ್ಲಿ ಕೇಳಿದಳು.

“ಆರಾಮ ಅದೀಯೇನ ಅಕ್ಕಾ?”

ನಾನು ಬಾಯಿ ತೆರೆದೆ. ದೊಡ್ಡವ್ವನ ಧ್ವನಿ ಗಂಟಲಲ್ಲಿ ಸಿದ್ಧವಾಗಿ ನಿಂತಿತ್ತು. ಆದರೆ ಆ ಗೋಡೆಯ ಮೂಲಕ ನಾನು ಕಲಿತದ್ದೆಲ್ಲ ಅವಳು ಮಲ್ಲ್ಯಾನನ್ನು ಬೈದದ್ದು, ದನ ಅಟ್ಟಿದ್ದು, ಬೆಕ್ಕು ಓಡಿಸಿದ್ದು. ಆರಾಮ ಇದ್ದೀಯಾ ಎಂದು ಯಾರೂ ಅವಳನ್ನು ಕೇಳಿದ್ದು ನಾನು ಕೇಳಿರಲಿಲ್ಲ. ಕೇಳಿದರೆ ಅವಳು ಏನನ್ನುತ್ತಾಳೆ? ಹೌದೆನ್ನುತ್ತಾಳೆಯೆ, ಇಲ್ಲವೆನ್ನುತ್ತಾಳೆಯೆ?

ಅವ್ವ ಬಟ್ಟಲು ಹಿಡಿದು ಕಾಯುತ್ತ ನಿಂತೇ ಇದ್ದಳು.